ಯಾವ ದೇಶವೂ ‘ನಮ್ಮವನು’ ಅನ್ನದಿದ್ದರೆ ಎಷ್ಟು ದಿನ ಕೂಡಿಹಾಕಬಹುದು?

ಪ್ರಶ್ನೆ: ಅಕ್ಕಾ, ನಮ್ಮದು ಬಾಗಲಕೋಟೆ ಕಡೆ ಊರು. ಹನ್ನೆರಡು ವರ್ಷದಿಂದ ಗೋವಾದ ಮಾಪ್ಸಾ ಮಾರ್ಕೆಟ್‌ನಲ್ಲಿ ತರಕಾರಿ ಮಾರುತ್ತೇನೆ. ಇಲ್ಲಿನ ಹಳೆ ಸಬ್ ಜೈಲಿನಲ್ಲಿ ವಿದೇಶದವರನ್ನು ಇಡುತ್ತಾರಲ್ಲ, ಅವರ ದೇಶಕ್ಕೆ ಕಳಿಸುವವರೆಗೆ ಮಾತ್ರ ಅಂತಾರೆ. ಆದರೆ ಯಾವ ದೇಶವೂ ‘ಇವನು ನಮ್ಮವನು’ ಅನ್ನದಿದ್ದರೆ? ಸಾಯೋವರೆಗೂ ಒಳಗೇ ಇಡಬಹುದಾ? ಅಂಥವರಿಗೆ ಹಕ್ಕು ಅಂತ ಏನಾದರೂ ಇದೆಯಾ? ದೀಪಾವಳಿಗೆ ಊರಿಗೆ ಹೋಗುತ್ತೇನೆ. ನನ್ನ ಹತ್ತಿರ ಆಧಾರ್ ಬಿಟ್ಟರೆ ಏನೂ ಇಲ್ಲ, ಭಯ ಆಗುತ್ತೆ.

ಉತ್ತರ: ಇದೆ ತಂಗಿ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ‘ಈ ದೇಶದವನೇ ಅಲ್ಲ, ಅವನಿಗೆಂಥ ಹಕ್ಕು?’ ಅನ್ನುವ ಮಾತನ್ನು ನಮ್ಮ ಜನರ ಬಾಯಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಆ ಮಾತು ತಪ್ಪು. ಆದರೆ ಇಷ್ಟು ದಿನ ಆದಮೇಲೆ ಬಿಡಲೇಬೇಕು ಅಂತ ಒಂದು ಗಡುವನ್ನೂ ನಮ್ಮ ಕಾಯ್ದೆಯಲ್ಲಿ ಬರೆದಿಲ್ಲ. ಕಷ್ಟ ಇರುವುದು ಅಲ್ಲೇ.

ನೀವು ಹೇಳುವ ಮಾಪ್ಸಾದ ಕೇಂದ್ರ 2019ರಲ್ಲಿ ಶುರುವಾಯಿತು. ವೀಸಾ ಮುಗಿದ ಮೇಲೂ ಉಳಿದವರು, ಶಿಕ್ಷೆ ಮುಗಿಸಿ ವಾಪಸ್ ಹೋಗಲು ಕಾಯುವವರು, ಇಂಥವರನ್ನು ಇಡುವ ಜಾಗ ಅದು. ಅವರಲ್ಲಿ ಹೆಚ್ಚಿನವರಿಗೆ ದೇಶ ಇದೆ. ರಾಯಭಾರ ಕಚೇರಿ ಒಂದು ಪ್ರಯಾಣದ ಕಾಗದ ಕೊಟ್ಟು, ಟಿಕೆಟ್‌ಗೆ ದುಡ್ಡು ಹೊಂದಿದರೆ ವಿಮಾನ ಹತ್ತುತ್ತಾರೆ. ದೇಶವಿಲ್ಲದವನ ಕಥೆ ಬೇರೆ. 1954ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ, ಯಾವ ದೇಶವೂ ತನ್ನ ಕಾನೂನಿನಂತೆ ತನ್ನ ಪ್ರಜೆ ಎಂದು ಒಪ್ಪದವನು ದೇಶವಿಲ್ಲದವನು. ಪಾಸ್‌ಪೋರ್ಟ್ ಕಳೆದುಕೊಂಡವನು ಹಾಗಲ್ಲ. ಅವನಿಗೆ ಇನ್ನೊಂದು ಪಾಸ್‌ಪೋರ್ಟ್ ಕೊಡುವ ದೇಶ ಇದೆ. ಮ್ಯಾನ್ಮಾರ್‌ನ ರೋಹಿಂಗ್ಯಾ ಜನ ದೇಶವಿಲ್ಲದವರಿಗೆ ದೊಡ್ಡ ಉದಾಹರಣೆ. ಅಲ್ಲಿನ 1982ರ ಪೌರತ್ವ ಕಾನೂನು ಅವರಲ್ಲಿ ಹೆಚ್ಚಿನವರನ್ನು ಹೊರಗಿಟ್ಟಿತು. ಈ 1954ರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ದೇಶವಿಲ್ಲದವರು ಹೆಚ್ಚಾಗದಂತೆ ತಡೆಯಲು ಮಾಡಿದ 1961ರ ಒಪ್ಪಂದಕ್ಕೂ ಹಾಕಿಲ್ಲ.

ಗೋವಾದಲ್ಲೇ ಇರುವ ನಮಗೆ ಇದನ್ನು ತಿಳಿಯಲು ಒಂದು ಒಳ್ಳೆ ದಾರಿ ಇದೆ. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರ ಆಡಳಿತ ಹೋಯಿತು. ಆವತ್ತು ಇಲ್ಲಿದ್ದ ಜನ ಯಾರ ಪ್ರಜೆಗಳು? 1962ರಲ್ಲಿ ಬಂದ ಒಂದು ಆದೇಶ ಅದನ್ನು ಬಗೆಹರಿಸಿತು. 1961ರ ಡಿಸೆಂಬರ್ 20ಕ್ಕೆ ಮೊದಲು ತಾನಾಗಲಿ, ಅಪ್ಪ ಅಮ್ಮನಲ್ಲಿ ಒಬ್ಬರಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ ಗೋವಾ, ದಮನ್, ದಿಯುನಲ್ಲಿ ಹುಟ್ಟಿದ್ದರೆ ಅವರು ಭಾರತದ ಪ್ರಜೆ. ಬೇಡ ಅನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬಹುದಿತ್ತು. ಒಂದು ಕಾಗದದಿಂದ ಲಕ್ಷಾಂತರ ಜನ ಅತಂತ್ರರಾಗುವುದು ತಪ್ಪಿತು. ಹಾಗೆ ಬರೆದುಕೊಟ್ಟು ಪೋರ್ಚುಗೀಸ್ ಪ್ರಜೆಯಾಗಿ ಉಳಿದ ಒಬ್ಬ ಪಾದ್ರಿ, ತಾನು ಹುಟ್ಟಿದ ಗೋವಾದಲ್ಲೇ ವಿದೇಶಿಯಾದರು. ಇರಲು ಕೊಟ್ಟ ಅನುಮತಿ ಮುಗಿದ ಮೇಲೂ ಹೋಗಲಿಲ್ಲ ಅಂತ ಅವರ ಮೇಲೆ ಕೇಸಾಯಿತು. 1969ರಲ್ಲಿ ಸುಪ್ರೀಂ ಕೋರ್ಟ್‌ನಲ್ಲೂ ಅವರು ಸೋತರು. ವಿದೇಶಿ ಅಂದರೆ ಗಡಿ ದಾಟಿ ಬಂದವನೇ ಆಗಬೇಕಿಲ್ಲ, ನೋಡಿ. ಅವನು ಕದಲದೆ ಕೂತಿದ್ದಾಗ ಗಡಿಯೇ ಅವನನ್ನು ದಾಟಿ ಹೋಗಿರಬಹುದು.

ಈಗ ಹಕ್ಕಿನ ವಿಷಯ. ನಮ್ಮ ಸಂವಿಧಾನ ಎರಡು ಬೇರೆ ಪದ ಬಳಸುತ್ತದೆ. ಕೆಲವು ಕಡೆ ‘ನಾಗರಿಕ’, ಕೆಲವು ಕಡೆ ‘ವ್ಯಕ್ತಿ’. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ 19ನೇ ವಿಧಿಯ ಹಕ್ಕು ನಾಗರಿಕನಿಗೆ ಮಾತ್ರ. ಕಾನೂನಿನ ಮುಂದೆ ಎಲ್ಲರೂ ಸಮಾನರು ಅನ್ನುವ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ, ಇವೆರಡೂ ‘ವ್ಯಕ್ತಿ’ಗೆ. ಮನುಷ್ಯನಾಗಿದ್ದರೆ ಸಾಕು. 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ರೈಲ್ವೆಯ ವಸತಿಗೃಹದಲ್ಲಿ ಅತ್ಯಾಚಾರಕ್ಕೆ ಒಳಗಾದ ಬಾಂಗ್ಲಾದೇಶದ ಹೆಣ್ಣುಮಗಳ ಕೇಸು ಅದು. ಅವಳು ವಿದೇಶಿ ಅನ್ನುವ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಹತ್ತು ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

ಆದರೆ 21ನೇ ವಿಧಿ ಇದೆ ಅಂದಮಾತ್ರಕ್ಕೆ ಇಲ್ಲೇ ಉಳಿಯುವ ಹಕ್ಕು ಬರುವುದಿಲ್ಲ. ಜಮ್ಮುವಿನಲ್ಲಿ ಹಿಡಿದಿಟ್ಟ ರೋಹಿಂಗ್ಯಾಗಳ ವಿಷಯದಲ್ಲಿ 2021ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿದ್ದು ಇದನ್ನೇ. 14 ಮತ್ತು 21ನೇ ವಿಧಿ ಎಲ್ಲರಿಗೂ ಇವೆ, ಗಡೀಪಾರಾಗದೆ ಇರುವ ಹಕ್ಕು ಮಾತ್ರ 19ಕ್ಕೆ ಸೇರಿದ್ದು, ಹಾಗಾಗಿ ಅದು ನಾಗರಿಕರದು ಅಂತ. ಆ ತೀರ್ಪು ಓದಿ ನನಗೆ ತುಂಬಾ ಬೇಸರವಾಗಿತ್ತು. ಹೊರಗೆ ತಳ್ಳಿದ ಕಡೆ ಜೀವಕ್ಕೇ ಅಪಾಯ ಇದ್ದರೆ, ಜೀವದ ಹಕ್ಕು ಇದೆ ಅಂದು ಏನು ಬಂತು?

ಸರಿ, ಎಷ್ಟು ದಿನ? 1946ರ ವಿದೇಶಿಯರ ಕಾಯ್ದೆ ಹೋಗಿ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ. ಗಡುವಿನ ಮಟ್ಟಿಗೆ ಏನೂ ಬದಲಾಗಿಲ್ಲ. ಗಡುವು ಬಂದಿರುವುದು ಕೋರ್ಟಿನಿಂದ, ಅದೂ ಅಸ್ಸಾಂನ ಕೇಸಿನಲ್ಲಿ. ಅಲ್ಲಿ ಟ್ರಿಬ್ಯೂನಲ್‌ಗಳು ವಿದೇಶಿ ಅಂತ ಘೋಷಿಸಿದ ಜನ ವರ್ಷಗಟ್ಟಲೆ ಒಳಗಿದ್ದರು. ಮೂರು ವರ್ಷ ಮುಗಿಸಿದವರನ್ನು ಷರತ್ತಿನ ಮೇಲೆ ಬಿಡಿ ಅಂತ 2019ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದೊಂದು ಲಕ್ಷಕ್ಕೆ ಇಬ್ಬರು ಜಾಮೀನುದಾರರು ಬೇಕಿತ್ತು. ಕೂಲಿ ಮಾಡುವವರಿಗೆ ಲಕ್ಷದ ಜಾಮೀನು ಯಾರು ಕೊಡುತ್ತಾರೆ? ಕೊರೊನಾ ಬಂದಾಗ, 2020ರ ಏಪ್ರಿಲ್‌ನಲ್ಲಿ, ಅದನ್ನು ಎರಡು ವರ್ಷಕ್ಕೆ ಮತ್ತು ಐದು ಸಾವಿರ ರೂಪಾಯಿಗೆ ಇಳಿಸಿದರು. ಆ ಆದೇಶ ಅಸ್ಸಾಂಗೆ ಸಂಬಂಧಿಸಿದ್ದು. ಆದರೆ ಗೋವಾದ ವಕೀಲರೂ ಅದನ್ನು ಮುಂದಿಟ್ಟು ವಾದ ಮಾಡಬಹುದು.

ವಾದದ ತಿರುಳು ಇಷ್ಟೇ. ಇದು ಶಿಕ್ಷೆಯಲ್ಲ. ವಾಪಸ್ ಕಳಿಸಲು ಅಂತ ಹಿಡಿದಿಟ್ಟಿದ್ದು. ಕಳಿಸುವ ದಾರಿಯೇ ಇಲ್ಲದಿದ್ದರೆ ಯಾತಕ್ಕೆ ಇಟ್ಟಿದ್ದೀರಿ? ಆಸ್ಟ್ರೇಲಿಯಾ ಇದನ್ನು ಒಪ್ಪಲು ಹತ್ತೊಂಬತ್ತು ವರ್ಷ ತೆಗೆದುಕೊಂಡಿತು. ಕುವೈತ್‌ನಲ್ಲಿ ಹುಟ್ಟಿದ, ದೇಶವಿಲ್ಲದ ಒಬ್ಬ ಪ್ಯಾಲೆಸ್ತೀನಿಯನ್ನು ಕೊನೆಯಿಲ್ಲದೆ ಇಡಬಹುದು ಅಂತ ಅಲ್ಲಿನ ಅತ್ಯುನ್ನತ ಕೋರ್ಟ್ ಆದ ಹೈಕೋರ್ಟ್ 2004ರಲ್ಲಿ ಹೇಳಿತ್ತು. 2023ರ ನವೆಂಬರ್‌ನಲ್ಲಿ ಒಬ್ಬ ರೋಹಿಂಗ್ಯಾ ಯುವಕನ ಕೇಸಿನಲ್ಲಿ ಅದೇ ಕೋರ್ಟ್ ತನ್ನ ಹಳೆ ತೀರ್ಪನ್ನು ಬದಿಗಿಟ್ಟಿತು.

ಹೀಗಾಗಿ ನಿಮಗೆ ಗೊತ್ತಿರುವ ಯಾರಾದರೂ ಒಳಗಿದ್ದರೆ, ಸುಮ್ನೆ ‘ಬಿಡಿ’ ಅಂತ ಬೇಡಿಕೊಂಡರೆ ಸಾಲದು. ಕೇಳಬೇಕಾದ ಪ್ರಶ್ನೆ ಬೇರೆ: ಯಾವ ದೇಶಕ್ಕೆ ಪತ್ರ ಬರೆದಿದ್ದೀರಿ? ಯಾವ ತಾರೀಖಿಗೆ? ಉತ್ತರ ಏನು ಬಂತು? ಇದನ್ನು ಬರವಣಿಗೆಯಲ್ಲೇ ಕೇಳಬೇಕು. ಹಿಡಿದಿಟ್ಟ ಆದೇಶದ ಪ್ರತಿಯನ್ನೂ ಕೇಳಬೇಕು. ಪೊಲೀಸರು ಕೇಸು ಹಾಕಿ ಬಂಧಿಸಿದ್ದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಕೇಸಿಲ್ಲದೆ ಬರೀ ಅಧಿಕಾರಿಯ ಆದೇಶದ ಮೇಲೆ ಇಟ್ಟಿದ್ದರೆ ದಾರಿ ಹೈಕೋರ್ಟ್. ಬಾಂಬೆ ಹೈಕೋರ್ಟಿನ ಗೋವಾ ಪೀಠ ಪರ್ವರಿಯಲ್ಲಿದೆ, ಮಾಪ್ಸಾದಿಂದ ಬಸ್ಸಿನಲ್ಲಿ ಹೋಗುವ ದೂರ. ಅಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ‘ಇವನನ್ನು ಕೋರ್ಟ್ ಮುಂದೆ ತನ್ನಿ, ಯಾವ ಕಾನೂನಿನ ಮೇಲೆ ಹಿಡಿದಿಟ್ಟಿದ್ದೀರಿ ಹೇಳಿ’ ಅಂತ ಕೇಳುವ ಅರ್ಜಿ ಹಾಕಬಹುದು. ಒಳಗಿರುವವನೇ ಹಾಕಬೇಕಿಲ್ಲ. ಅವನ ಪರವಾಗಿ ಗೆಳೆಯನೂ ಹಾಕಬಹುದು.

ವಕೀಲರಿಗೆ ದುಡ್ಡಿಲ್ಲ ಅಂತ ಕೂರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ 1987ರ ಕಾಯ್ದೆ, ಕಸ್ಟಡಿಯಲ್ಲಿ ಇರುವ ‘ಪ್ರತಿ ವ್ಯಕ್ತಿ’ಗೂ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಅಂಥವರಿಗಾಗಲಿ, ಹೆಂಗಸರು, ಮಕ್ಕಳಿಗಾಗಲಿ ಆದಾಯವನ್ನೂ ಕೇಳುವುದಿಲ್ಲ. ಪ್ರಾಧಿಕಾರದ ಸಹಾಯವಾಣಿ ನಂಬರ್ 15100. ಶಿಕ್ಷೆ ಮುಗಿದವನನ್ನು ಕೈದಿಗಳ ಜೊತೆ ಜೈಲಿನಲ್ಲೇ ಮುಂದುವರಿಸಿದ್ದರೆ ಅದನ್ನೂ ಹೇಳಿ. 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಅಂಥವರನ್ನು ಜೈಲಿನ ಹೊರಗೆ ಬೇರೆ ಜಾಗದಲ್ಲಿ ಇಡಿ ಅಂತ ಕೇಂದ್ರ ಸರ್ಕಾರವೇ ರಾಜ್ಯಗಳಿಗೆ ಬರೆದಿದೆ.

ನಿಮ್ಮ ಪತ್ರದ ಕೊನೆಯ ಸಾಲಿಗೆ ಬರುತ್ತೇನೆ. ‘ನನ್ನ ಹತ್ತಿರ ಆಧಾರ್ ಬಿಟ್ಟರೆ ಏನೂ ಇಲ್ಲ, ಭಯ ಆಗುತ್ತೆ’ ಅಂತ ಬರೆದಿದ್ದೀರಿ. ನಿಮ್ಮ ಭಯ ಸುಮ್ಮನೆ ಅಲ್ಲ. 2025ರ ಜೂನ್‌ನಲ್ಲಿ ಮುಂಬೈ ಬದಿ ಹಿಡಿದ ಪಶ್ಚಿಮ ಬಂಗಾಳದ ಕೆಲವು ಕೂಲಿಗಳನ್ನು ಬಾಂಗ್ಲಾದ ಗಡಿ ದಾಟಿಸಿಬಿಟ್ಟು, ಆಮೇಲೆ ನಮ್ಮವರೇ ಅಂತ ಗೊತ್ತಾಗಿ ವಾಪಸ್ ಕರೆತಂದರು. ಆಧಾರ್, ಪ್ಯಾನ್, ವೋಟರ್ ಕಾರ್ಡ್ ಇದ್ದಮಾತ್ರಕ್ಕೆ ಪೌರತ್ವ ಸಾಬೀತಾಗುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ನಾನು ವಿದೇಶಿ ಅಲ್ಲ ಅಂತ ತೋರಿಸುವ ಭಾರವೂ ಕಾಯ್ದೆಯಲ್ಲಿ ನಮ್ಮ ಮೇಲೇ ಇದೆ. ಆದರೆ 2024ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಮಿತಿ ಹಾಕಿತು: ಕೈಯಲ್ಲಿ ಯಾವ ಆಧಾರವೂ ಇಲ್ಲದೆ, ಬರೀ ಅನುಮಾನದ ಮೇಲೆ ಯಾರದೋ ಬಾಗಿಲು ಬಡಿದು ‘ಸಾಬೀತು ಮಾಡು’ ಅನ್ನುವಂತಿಲ್ಲ.

ನೀವು 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ್ದರೆ, ಹುಟ್ಟಿನಿಂದಲೇ ಪ್ರಜೆ. ಆಮೇಲೆ, 2004ರ ಡಿಸೆಂಬರ್ 3ಕ್ಕೆ ಮೊದಲು ಹುಟ್ಟಿದ್ದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಆಗ ಪ್ರಜೆಯಾಗಿರಬೇಕು. ದೀಪಾವಳಿಗೆ ಊರಿಗೆ ಹೋಗುತ್ತೇನೆ ಅಂದಿದ್ದೀರಲ್ಲ, ಎರಡು ದಿನ ಜಾಸ್ತಿ ಇರಿ. ಓದಿದ ಶಾಲೆಯಲ್ಲಿ ದಾಖಲಾತಿ ಪುಸ್ತಕದ ನಕಲು ಕೇಳಿ. ಅಪ್ಪನ ಹೆಸರಿನ ಹಳೆ ಪಹಣಿ ಇದ್ದರೆ ತೆಗೆಸಿ. ಮಗಳ ಜನನ ಪತ್ರದಲ್ಲಿ ನಿಮ್ಮ ಹೆಸರಿನ ಅಕ್ಷರ ಸರಿಯಿದೆಯಾ ನೋಡಿ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿ, ಒಂದು ಸೆಟ್ ಊರಲ್ಲಿ ಅಣ್ಣನ ಹತ್ತಿರವೇ ಬಿಟ್ಟು ಬನ್ನಿ.