ಮಿಡತೆ ತಿಂದ ವರ್ಷಗಳು ತಿರುಗಿ ಸಿಗುತ್ತವೆಯೇ?

ಪ್ರಶ್ನೆ: ಮಿಡತೆಗಳು ತಿಂದುಬಿಟ್ಟ ವರ್ಷಗಳ ನಷ್ಟವನ್ನು ತುಂಬಿಕೊಡುವೆನೆಂದು ಬೈಬಲಿನ ಪ್ರವಾದಿ ಯೋವೇಲನ ಗ್ರಂಥದಲ್ಲಿ (ಯೋವೇಲ 2:25) ದೇವರು ಹೇಳುತ್ತಾನೆ. ಈ ವಾಗ್ದಾನ ನನಗೂ ಸಲ್ಲುತ್ತದೆಯೇ? ಕಳೆದುಕೊಂಡದ್ದೆಲ್ಲ ಹಿಂದಿನಂತೆಯೇ ಸಿಗುತ್ತದೆ ಎಂದು ನಂಬಬಹುದೇ?

ಉತ್ತರ: ವಾಗ್ದಾನ ನಿಮಗೂ ಸಲ್ಲುತ್ತದೆ. ಆದರೆ ಎಲ್ಲವೂ ಹಿಂದಿನಂತೆಯೇ ಸಿಗುತ್ತದೆ ಎಂಬ ಮಾತು ಆ ವಚನದಲ್ಲಿಲ್ಲ.

ಯೋವೇಲನ ಮೊದಲ ಅಧ್ಯಾಯದಲ್ಲಿ ಒಂದು ಮಿಡತೆ ತಿಂದು ಬಿಟ್ಟದ್ದನ್ನು ಮತ್ತೊಂದು ತಿನ್ನುತ್ತದೆ. ದ್ರಾಕ್ಷಿ ಒಣಗಿದೆ, ಅಂಜೂರ ಬಾಡಿದೆ, ದೇವಾಲಯಕ್ಕೆ ತರಲು ಧಾನ್ಯವೂ ಇಲ್ಲ. ಅಂಥ ಜನರಿಗೆ ದೇವರು ಆಡಿದ ಮಾತಿದು. 'ತುಂಬಿಕೊಡುವೆನು' ಎಂಬಲ್ಲಿರುವ ಹೀಬ್ರೂ ಕ್ರಿಯಾಪದವೂ ಸಮಾಧಾನ, ಕ್ಷೇಮ ಎಂಬರ್ಥದ 'ಶಾಲೋಮ್' ಪದವೂ ಒಂದೇ ಧಾತುವಿನವು. ಕದ್ದವನು, ಬೆಂಕಿ ಹೊತ್ತಿಸಿ ಪರರ ಪೈರು ಸುಟ್ಟವನು ನಷ್ಟ ಕಟ್ಟಿಕೊಡಬೇಕು ಎನ್ನುವ ವಿಮೋಚನಕಾಂಡ 22ನೆಯ ಅಧ್ಯಾಯದಲ್ಲಿಯೂ ಇದೇ ಕ್ರಿಯಾಪದವಿದೆ. ಮಿಡತೆಗಳನ್ನು ತಾನೇ ಕಳುಹಿಸಿದ ಮಹಾಸೈನ್ಯ ಎಂದು ಕರೆದ ದೇವರು, ಸಾಲಗಾರನ ಹಾಗೆ ಆ ನಷ್ಟವನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ. ಆತನಿಗೆ ಯಾರ ಋಣವೂ ಇರಲಿಲ್ಲ. ಇದನ್ನು ಓದುವಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಆದರೆ ಈ ಒಂದು ವಚನವನ್ನು ಕತ್ತರಿಸಿ ತೆಗೆದುಕೊಳ್ಳಬಾರದು. ಅದಕ್ಕೂ ಮೊದಲು, ಬಟ್ಟೆಯನ್ನಲ್ಲ, ಹೃದಯವನ್ನು ಹರಿದುಕೊಂಡು ತಿರುಗಿ ಬನ್ನಿರಿ ಎಂಬ ಕರೆಯಿದೆ. ವಚನದ ನಂತರ, ನಾನು ನಿಮ್ಮ ಮಧ್ಯದಲ್ಲಿದ್ದೇನೆಂದು ತಿಳಿದುಕೊಳ್ಳುವಿರಿ ಎಂಬ ಮಾತು ಬರುತ್ತದೆ. ಅದಾದ ಮೇಲೆ ಎಲ್ಲ ಮನುಷ್ಯರ ಮೇಲೂ ಆತ್ಮವನ್ನು ಸುರಿಸುವ ವಾಗ್ದಾನ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನದಲ್ಲಿ ಯೇಸುವಿನ ಶಿಷ್ಯನಾದ ಪೇತ್ರನು ಎತ್ತಿ ಓದಿದ್ದು ಇದನ್ನೇ. ಕಣಜ ತುಂಬುವ ಮಾತಿನಿಂದ ಹೊರಟ ವಾಗ್ದಾನ ದೇವರ ಸಾನ್ನಿಧ್ಯಕ್ಕೆ ಬಂದು ಮುಟ್ಟುತ್ತದೆ. ಆದ್ದರಿಂದ, ಇಷ್ಟು ಕಾಣಿಕೆ ಕೊಟ್ಟರೆ ಕಳೆದುಹೋದದ್ದು ಇಮ್ಮಡಿಯಾಗಿ ಬರುತ್ತದೆ ಎಂದು ಈ ವಚನ ಹಿಡಿದು ಬೋಧಿಸುವುದು ನೊಂದವರಿಗೆ ಮಾಡುವ ಅನ್ಯಾಯ.

ಆಸ್ತಿಯನ್ನೂ ಮಕ್ಕಳನ್ನೂ ಕಳೆದುಕೊಂಡ ಯೋಬನನ್ನು ನೋಡಿ. ದೇವರು ತಿರುಗಿ ಕೊಟ್ಟಾಗ ಅವನ 7,000 ಕುರಿಗಳು 14,000 ಆದವು, 3,000 ಒಂಟೆಗಳು 6,000 ಆದವು. ಮಕ್ಕಳು ಮಾತ್ರ ಇಮ್ಮಡಿಯಾಗಲಿಲ್ಲ. ಮೊದಲಿನಷ್ಟೇ, ಏಳು ಗಂಡು, ಮೂರು ಹೆಣ್ಣು. ಸತ್ತುಹೋದ ಹತ್ತು ಮಕ್ಕಳ ಜಾಗವನ್ನು ಇವರು ತುಂಬಿದರು ಎಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಮಗುವನ್ನು ಕಳೆದುಕೊಂಡವರಿಗೆ 'ದೇವರು ಇನ್ನೊಂದು ಕೊಡುತ್ತಾನೆ' ಎಂದು ಸಮಾಧಾನ ಹೇಳಲು ಹೊರಡುವವರು ಈ ಮೌನವನ್ನು ಗಮನಿಸಬೇಕು. ಪುನರುತ್ಥಾನದ ನಂತರ ಯೇಸುವಿನ ಕೈಗಳಲ್ಲಿ ಗಾಯದ ಗುರುತು ಉಳಿದೇ ಇತ್ತು. ನಂಬದೆ ಇದ್ದ ಶಿಷ್ಯ ತೋಮನಿಗೆ ಆತನು ತೋರಿಸಿದ್ದು ಅದನ್ನೇ.

ಹಾಗಾದರೆ ಇಂದು ಏನನ್ನು ನಿರೀಕ್ಷಿಸಬೇಕು? ಪಾಪಕ್ಷಮೆ, ದೇವರೊಂದಿಗೆ ಸಮಾಧಾನ, ಜೊತೆಯಲ್ಲಿರುವ ಪವಿತ್ರಾತ್ಮ ಇವು ಕ್ರಿಸ್ತನಲ್ಲಿ ಈಗಲೇ ದೊರೆಯುತ್ತವೆ. ಮುರಿದ ಸಂಬಂಧ, ಹಾಳಾದ ಆರೋಗ್ಯ, ಕೈಬಿಟ್ಟ ಕೆಲಸ ಕೆಲವರಿಗೆ ಮರಳುತ್ತವೆ, ಕೆಲವರಿಗೆ ಮರಳುವುದಿಲ್ಲ. ಮರಳದಿದ್ದರೆ ಅದು ನಂಬಿಕೆಯ ಕೊರತೆಗೆ ಸಾಕ್ಷಿಯಲ್ಲ. ಎಲ್ಲವೂ ಸರಿಯಾಗುವ ಕಾಲ ಬರಲಿದೆ ಎಂದು ಅಪೊಸ್ತಲರ ಕೃತ್ಯಗಳು 3:21ರಲ್ಲಿ ಪೇತ್ರನು ಹೇಳುತ್ತಾನೆ. ಅಲ್ಲಿಯವರೆಗೆ ನಾವು ಕಾಯುತ್ತಿರುವವರು.

ಕಾಯುವಾಗ ಅಳಬಾರದೆಂದೇನೂ ಇಲ್ಲ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ಕೆಡವಿದ್ದ ಯೆರೂಸಲೇಮಿನ ದೇವಾಲಯಕ್ಕೆ, ಸೆರೆಯಿಂದ ಮರಳಿದ ಜನರು ಮತ್ತೆ ಅಸ್ತಿವಾರ ಹಾಕಿದರು. ಆ ದಿನ ಮೊದಲಿನ ಆಲಯವನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಹರ್ಷದಿಂದ ಕೂಗಿದರು. ಹರ್ಷದ ಧ್ವನಿ ಯಾವುದು, ಅಳುವಿನ ಧ್ವನಿ ಯಾವುದು ಎಂದು ಯಾರಿಗೂ ಗುರುತಿಸಲಾಗಲಿಲ್ಲ ಎನ್ನುತ್ತದೆ ಎಜ್ರನ ಗ್ರಂಥದ ಮೂರನೆಯ ಅಧ್ಯಾಯ. ಅತ್ತವರನ್ನು ಅಲ್ಲಿ ಯಾರೂ ಗದರಿಸಲಿಲ್ಲ.