ಟೊಮೆಟೊನೂ ಹಾಳು, ಬೈಕೂ ಹಾಳು: ಇಂಗ್ಲಿಷ್‌ನಲ್ಲಿ ಏನಂತ ಬರೆಯೋದು?

'ಹಾಳು' ಅನ್ನೋ ಒಂದೇ ಮಾತಿನಲ್ಲಿ ನಾವು ಎಷ್ಟೆಲ್ಲ ಮುಗಿಸಿಬಿಡುತ್ತೇವೆ! ಟೊಮೆಟೊ ಹಾಳು, ಮೋಟಾರು ಹಾಳು, ರಸ್ತೆ ಹಾಳು, ಪಕ್ಕದ ಮನೆ ಹುಡುಗನೂ ಹಾಳು. ಕೇಳುವವರಿಗೆ ಗೊಂದಲವೇ ಇಲ್ಲ. ಅದನ್ನೇ ಇಂಗ್ಲಿಷ್ ಅರ್ಜಿಯಲ್ಲಿ ಬರೆಯಲು ಕೂತಾಗ ಪೆನ್ನು ನಿಲ್ಲುತ್ತದೆ. ನಾನು ಕೋಲಾರದಲ್ಲಿ ಇಂಗ್ಲಿಷ್ ಬರವಣಿಗೆ ಕಲಿಸುತ್ತೇನೆ. ಬರುವವರಲ್ಲಿ ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳ ಹುಡುಗ ಹುಡುಗಿಯರೇ ಜಾಸ್ತಿ. ಅವರ ಶಿಫ್ಟ್ ರಿಪೋರ್ಟಿನಲ್ಲಿ ಕೆಟ್ಟಿದ್ದಕ್ಕೆಲ್ಲ ಒಂದೇ ಪದ: ಸ್ಪಾಯಿಲ್ಡ್.

ಹಾಲು ಒಡೆದರೆ, ಸಾರು ಹಳಸಿದರೆ ಸ್ಪಾಯಿಲ್ ಸರಿ. ಮಳೆ ಬಂದು ಜಾತ್ರೆಯ ಮಜಾ ಕೆಟ್ಟರೂ ಸರಿ. ಅತಿ ಮುದ್ದು ಮಾಡಿ ಮಗುವನ್ನು ಕೆಡಿಸುವುದಕ್ಕೂ ಅದೇ. ಯಂತ್ರ ನಿಂತುಹೋದರೆ ಮಾತ್ರ ಬ್ರೋಕ್ ಡೌನ್ ಅಂತ ಬರೆಯಿರಿ.

ಇದಕ್ಕಿಂತ ದೊಡ್ಡ ಎಡವಟ್ಟು ರಿಪೇರಿಯದು. ನಮ್ಮಲ್ಲಿ 'ಗಾಡಿ ರಿಪೇರಿ ಬಂತು' ಅಂದರೆ ಗಾಡಿ ಕೆಟ್ಟಿದೆ ಅಂತ. ಇಂಗ್ಲಿಷ್‌ನಲ್ಲಿ ರಿಪೇರ್ ಅಂದರೆ ಸರಿ ಮಾಡುವುದು. 'ಮೈ ಬೈಕ್ ವಾಸ್ ರಿಪೇರ್ಡ್, ಸೋ ಐ ಕೇಮ್ ಲೇಟ್' ಅಂತ ಬರೆದರೆ ಹೊರಗಿನಿಂದ ಬಂದ ಮ್ಯಾನೇಜರ್ ತಲೆ ಕೆರೆದುಕೊಳ್ಳುತ್ತಾರೆ. ಬೈಕು ಸರಿಯಾಗಿದೆ, ಮತ್ತೆ ಯಾಕಪ್ಪಾ ಲೇಟು? ಅವರದೇನೂ ತಪ್ಪಿಲ್ಲ ಬಿಡಿ.

ಪದ ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಂಡರೆ ಬಹುಪಾಲು ಕೆಲಸ ಮುಗಿಯಿತು: ಕೆಟ್ಟ ಮೇಲೆ ಏನು ಉಳಿದಿದೆ? ಪೆಟ್ಟು ಬಿದ್ದಿದೆ, ವಸ್ತು ಇನ್ನೂ ಇದೆ ಅಂದರೆ ಡ್ಯಾಮೇಜ್. ವಸ್ತುವೇ ಇಲ್ಲ, ಅಥವಾ ಇದ್ದರೂ ಮತ್ತೆ ಎತ್ತಿ ನಿಲ್ಲಿಸಲಾಗದು ಅಂದರೆ ಡೆಸ್ಟ್ರಾಯ್. ಆಕಾರ ಹಾಗೇ ಇದೆ, ಬೆಲೆಯೋ ಉಪಯೋಗವೋ ಹೋಗಿದೆ ಅಂದರೆ ರೂಯಿನ್. ಶ್ರೀನಿವಾಸಪುರದ ಕಡೆ ಆಲಿಕಲ್ಲು ಬಿದ್ದಾಗ ಮೂರೂ ಒಟ್ಟಿಗೆ ಸಿಗುತ್ತವೆ. ಕೊಂಬೆ ಮುರಿದ ಮಾವಿನ ಮರ ಡ್ಯಾಮೇಜ್ಡ್. ನೆಲಸಮವಾದ ಪಾಲಿಹೌಸ್ ಡೆಸ್ಟ್ರಾಯ್ಡ್. ಮರದಲ್ಲೇ ಇದ್ದರೂ ಮೈತುಂಬ ಕಲೆಯಾಗಿ ಮಂಡಿಯಲ್ಲಿ ಯಾರೂ ಮುಟ್ಟದ ಕಾಯಿ ರೂಯಿನ್ಡ್.

ರೂಯಿನ್ ಮನುಷ್ಯರಿಗೂ ಬಳಕೆಯಾಗುತ್ತದೆ, ಅದು ದುಡ್ಡಿನ ಮಾತು. ಟೊಮೆಟೊ ರೇಟು ನೆಲಕಚ್ಚಿದಾಗ ಕೀಳುವ ಕೂಲಿಯೂ ಹುಟ್ಟುವುದಿಲ್ಲ ಅಂತ ನಮ್ಮ ರೈತರು ತೋಟಕ್ಕೇ ಟ್ರ್ಯಾಕ್ಟರ್ ಹೊಡೆಸುತ್ತಾರೆ. ಅಲ್ಲಿ ರೈತ ಬೆಳೆಯನ್ನು ಡೆಸ್ಟ್ರಾಯ್ ಮಾಡಿದ, ರೇಟು ರೈತನನ್ನು ರೂಯಿನ್ ಮಾಡಿತು. ಈ ಎರಡನ್ನು ಅದಲುಬದಲು ಮಾಡಿದರೆ ಸುದ್ದಿಯೇ ಬದಲಾಗುತ್ತದೆ. ಇನ್ನು ಬಹುವಚನದ ರೂಯಿನ್ಸ್ ಅಂದರೆ ಪಾಳು ಬಿದ್ದ ಕಟ್ಟಡಗಳು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನಲ್ಲಿ ಅಂಥವು ಕಣ್ಣಿಗೆ ಬೀಳುತ್ತಲೇ ಇವೆ.

ಪರಿಹಾರದ ಅರ್ಜಿ ಬರೆಯುವವರು ಡೆಸ್ಟ್ರಾಯ್ಡ್ ಅನ್ನುವ ಪದಕ್ಕೆ ಬೇಗ ಕೈ ಹಾಕುತ್ತಾರೆ. ಜೋರು ಪದಕ್ಕೆ ಜೋರು ದುಡ್ಡು ಅನ್ನುವ ಲೆಕ್ಕ ಇರಬೇಕು. ಸರ್ವೆಗೆ ಬಂದವರಿಗೆ ಅರ್ಧ ಹೊಲ ನಿಂತಿರುವುದು ಕಂಡರೆ ಮಿಕ್ಕ ಮಾತನ್ನೂ ಅನುಮಾನದಿಂದಲೇ ಓದುತ್ತಾರೆ, ಅಲ್ವಾ? ಪ್ರಕೃತಿ ವಿಕೋಪ ನಿಧಿಯ ಬೆಳೆ ಪರಿಹಾರಕ್ಕೆ ಕನಿಷ್ಠ ಶೇ 33ರಷ್ಟು ಹಾನಿ ಆಗಿರಬೇಕು. ಅಲ್ಲಿ ತೂಕ ಇರುವುದು ಅಂಕಿಗೆ. ಹಾಗಾಗಿ ಡ್ಯಾಮೇಜ್ಡ್ ಅಂತ ಬರೆದು ಎಷ್ಟು ಗುಂಟೆ, ಎಷ್ಟು ಪಾಲು ಅಂತ ಪಕ್ಕದಲ್ಲೇ ಹೇಳಿ. ಫಸಲ್ ಬಿಮಾ, ಅಂದರೆ ಬೆಳೆ ವಿಮೆ, ಮಾಡಿಸಿದ ಹೊಲಕ್ಕೆ ಆಲಿಕಲ್ಲು ಬಿದ್ದರೆ ಅಥವಾ ನೀರು ನುಗ್ಗಿದರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಆ ಗಡಿಬಿಡಿಯಲ್ಲಿ ಡಿಕ್ಷನರಿ ತೆರೆಯುತ್ತಾ ಕೂರಬೇಡಿ, ಮೊದಲು ಫೋನ್ ಮಾಡಿ. ವಾಹನದ ವಿಮೆಯಲ್ಲಂತೂ ಪದ ನಿಮ್ಮ ಕೈಯಲ್ಲೇ ಇಲ್ಲ. ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಐಡಿವಿಯ, ಅಂದರೆ ಗಾಡಿಗೆ ವಿಮೆಯವರು ಕಟ್ಟಿದ ಬೆಲೆಯ, ಶೇ 75 ದಾಟಿದರೆ ಅದು ಟೋಟಲ್ ಲಾಸ್, ಗಾಡಿ ಪೂರ್ತಿ ಹೋದ ಲೆಕ್ಕ. ನೋಡಲು ಗಾಡಿ ಚೆನ್ನಾಗೇ ಇದ್ದರೂ ಅಷ್ಟೇ.

ಕೆಡವುವ ಉದ್ದೇಶದಿಂದಲೇ ಕೆಡವಿದರೆ ಡೆಮಾಲಿಶ್, ಜೆಸಿಬಿ ಬಂದಾಗ ಆಗುವುದು ಅದು. ಬಿಚ್ಚಿ ಭಾಗಗಳನ್ನು ಉಳಿಸಿಕೊಂಡರೆ ಡಿಸ್‌ಮ್ಯಾಂಟಲ್. ಸಿಟ್ಟಿಗೋ ಸುಮ್ಮಸುಮ್ಮನೆಯೋ ಬೇರೆಯವರ ಆಸ್ತಿ ಒಡೆದರೆ ವ್ಯಾಂಡಲಿಸಂ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಗಲಾಟೆಯಾಗಿ ಗಾಜು ಪುಡಿಯಾದಾಗ ಇಂಗ್ಲಿಷ್ ಪತ್ರಿಕೆಗಳು ಈ ಪದ ಬಳಸಿದವು. 455ರಲ್ಲಿ ರೋಮ್ ನಗರವನ್ನು ಲೂಟಿ ಮಾಡಿದ ವ್ಯಾಂಡಲ್ ಜನರ ಹೆಸರು ಇದರಲ್ಲಿದೆ. ವ್ಯಾಂಡಲಿಸಂ ಅನ್ನುವ ಪದ ಹುಟ್ಟಿದ್ದು ಮಾತ್ರ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. ಒಡೆದದ್ದನ್ನು ಹೇಳುತ್ತಲೇ ಒಡೆದವರನ್ನು ಬೈಯುವ ಪದ ಇದು. ಸಂಬಳ ಸಿಗದ ಕಥೆ ಅದರೊಳಗೆ ಕಾಣುವುದಿಲ್ಲ. ಅದಕ್ಕೇ ರಿಪೋರ್ಟಿನಲ್ಲಿ ಏನು ಒಡೆಯಿತು ಅಂತ ಮಾತ್ರ ಬರೆಯಿರಿ ಅನ್ನುತ್ತೇನೆ.

ಕೊನೆಗೆ, ಡ್ಯಾಮೇಜ್‌ಗೆ 'ಎಸ್' ಅಂಟಿಸಬೇಡಿ. ಡ್ಯಾಮೇಜಸ್ ಅಂದರೆ ಕೋರ್ಟು ಕೊಡಿಸುವ ಪರಿಹಾರದ ಹಣ. ಲಾರಿಯಲ್ಲಿ ಎಷ್ಟೇ ಬಾಕ್ಸು ಟೊಮೆಟೊ ಜಜ್ಜಿದ್ದರೂ ಅದು ಏಕವಚನದ ಡ್ಯಾಮೇಜೇ. 'ಎಸ್' ಸೇರಿಸುವ ಕೆಲಸ ನಿಮ್ಮ ವಕೀಲರದು.