ಕ್ಯಾನಿಸ್ಟರ್ ಟಾರ್ಚ್ ಆಯ್ದುಕೊಳ್ಳುವಾಗ: ಬ್ಯಾಟರಿ ಮೊದಲು, ಲ್ಯೂಮೆನ್ ಕೊನೆಗೆ

ಟಾರ್ಚ್‌ಗಳನ್ನು ಹೋಲಿಸಲು ನಾನು ಮೊದಲ ಸಲ ಕೋಷ್ಟಕ ಹಾಕಿದಾಗ ಮೊದಲ ಕಾಲಂನಲ್ಲಿ ಬರೆದದ್ದು ಲ್ಯೂಮೆನ್, ಅಂದರೆ ಬೆಳಕಿನ ಅಳತೆ. ದೊಡ್ಡ ಅಂಕಿ ಇದ್ದರೆ ಒಳ್ಳೆಯ ಟಾರ್ಚ್, ಅಷ್ಟೇ ಲೆಕ್ಕ. ಈಗ ಅದೇ ಕೋಷ್ಟಕದಲ್ಲಿ ಲ್ಯೂಮೆನ್ ಕೊನೆಯ ಕಾಲಂಗೆ ಹೋಗಿದೆ. ಮೊದಲ ಜಾಗಕ್ಕೆ ವಾಟ್-ಅವರ್, ಅಂದರೆ ಬ್ಯಾಟರಿಯಲ್ಲಿರುವ ಶಕ್ತಿಯ ಅಳತೆ ಬಂದಿದೆ. ಈ ಅದಲುಬದಲು ಯಾಕಾಯಿತು ಎಂದು ನನ್ನ ಹಾಗೆ ಗುಹೆ ಡೈವಿಂಗ್ (ನೀರು ತುಂಬಿದ ಗುಹೆಯೊಳಗೆ ಮುಳುಗಿ ಈಜುವುದು) ಕಲಿಯುತ್ತಿರುವವರಿಗಾಗಿ ಬರೆದಿಟ್ಟಿದ್ದೇನೆ.

ಡಬ್ಬಿ ಬೇರೆ, ದೀಪ ಬೇರೆ

ಕ್ಯಾನಿಸ್ಟರ್ ಅಂದರೆ ಡಬ್ಬಿ. ಬ್ಯಾಟರಿ ಆ ಡಬ್ಬಿಯೊಳಗೆ, ಡಬ್ಬಿ ಸೊಂಟದ ಪಟ್ಟಿಯಲ್ಲಿ. ಅಲ್ಲಿಂದ ಒಂದು ಕೇಬಲ್ ಹೊರಟು ಕೈ ಮೇಲಿನ ಸಣ್ಣ ದೀಪಕ್ಕೆ ಸೇರುತ್ತದೆ. ಹೀಗೆ ಎರಡು ಭಾಗ ಮಾಡಿದ್ದು ಶೋಕಿಗಲ್ಲ. ಹಿಂದೆ ಹ್ಯಾಲೊಜೆನ್ ಬಲ್ಬು, ಅದಕ್ಕೆ ಲೆಡ್-ಆಸಿಡ್ ಅಥವಾ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ಅಷ್ಟು ಭಾರವನ್ನು ಕೈಯಲ್ಲಿ ಹಿಡಿದು ಎರಡು ಗಂಟೆ ಈಜಲು ಆಗುತ್ತಿರಲಿಲ್ಲ. ಆಮೇಲೆ ಅನಿಲದೊಳಗೆ ವಿದ್ಯುತ್ ಹಾಯಿಸಿ ಬೆಳಗುವ ಎಚ್‌ಐಡಿ ದೀಪ ಬಂತು. ಕಡಿಮೆ ವಿದ್ಯುತ್ತಿನಲ್ಲಿ ಜಾಸ್ತಿ ಬೆಳಕು. ಆದರೆ ಹೊತ್ತಿಸಿದ ಮೇಲೆ ಪೂರ್ತಿ ಬೆಳಗಲು ಸ್ವಲ್ಪ ಹೊತ್ತು ಬೇಕು, ಬಿಸಿಯಿರುವಾಗ ಆರಿಸಿ ಮತ್ತೆ ಹೊತ್ತಿಸಿದರೆ ಬಲ್ಬಿಗೆ ಒಳ್ಳೆಯದಲ್ಲ, ಬಲ್ಬು ಬೇರೆ ನಾಜೂಕು. ಎಲ್‌ಇಡಿ ಮತ್ತು ಲಿಥಿಯಂ-ಅಯಾನ್ ಬಂದ ಮೇಲೆ ಈ ತಾಪತ್ರಯಗಳೆಲ್ಲ ಹೋದವು.

ಹಾಗಾದರೆ ಈಗಲೂ ಡಬ್ಬಿ ಯಾಕೆ? ನ್ಯಾಯವಾದ ಪ್ರಶ್ನೆ. 21700 ಎಂಬ ಅಳತೆಯ ಒಂದೇ ಒಂದು ಲಿಥಿಯಂ ಸೆಲ್ ಹಾಕಿದ ಕೈ ಟಾರ್ಚ್ ಇವತ್ತು 1000 ಲ್ಯೂಮೆನ್ ಬೆಳಕನ್ನು ಒಂದು ಗಂಟೆಗಿಂತ ಹೆಚ್ಚು ಕೊಡುತ್ತದೆ. ತೆರೆದ ನೀರಿನಲ್ಲಿ ರಾತ್ರಿ ಡೈವ್ ಮಾಡುವವರಿಗೆ, ಗುಹೆಯ ಬಾಯಿಯ ಹತ್ತಿರ ಹಗಲಿನ ಬೆಳಕು ಕಾಣುವಷ್ಟರಲ್ಲೇ ಇರುವವರಿಗೆ ಅಷ್ಟು ಸಾಕು. ಅವರು ಡಬ್ಬಿಗೆ ದುಡ್ಡು ಹಾಕುವುದು ಬೇಡ ಎಂದೇ ನನ್ನ ಅಭಿಪ್ರಾಯ. ಗುಹೆಯ ಒಳಗೆ ಹೋಗಿ ಗಂಟೆಗಟ್ಟಲೆ ಇರುವವರ ಕಥೆ ಬೇರೆ. ಅವರ ಟಾರ್ಚ್ ಆರಿದರೆ ಸುತ್ತ ಇರುವುದು ಬರೀ ಕತ್ತಲೆ, ಮೇಲೆ ಕಲ್ಲಿನ ಚಾವಣಿ.

ಮೂರು ದೀಪದ ನಿಯಮ

ಅಮೆರಿಕದ ಗುಹೆ ಡೈವರ್ ಶೆಕ್ ಎಕ್ಸ್‌ಲಿ 1970ರ ದಶಕದಲ್ಲಿ ಗುಹೆಗಳಲ್ಲಿ ಆದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಹೊರಬಾಗಿಲಿನ ತನಕ ಕಡಿಯದ ಗೈಡ್‌ಲೈನ್ (ದಾರಿ ತೋರುವ ಹಗ್ಗ) ಇರಲಿಲ್ಲ, ಮರಳಲು ಬೇಕಾದ ಗಾಳಿ ಉಳಿಸಿಕೊಂಡಿರಲಿಲ್ಲ, ತೀರಾ ಆಳಕ್ಕೆ ಹೋಗಿದ್ದರು: ಪದೇ ಪದೇ ಕಂಡ ಕಾರಣಗಳು ಇವು. ತರಬೇತಿ ಮತ್ತು ದೀಪ ಆ ಪಟ್ಟಿಗೆ ಆಮೇಲೆ ಸೇರಿದವು. ದೀಪದ ನಿಯಮ ಸರಳ. ಒಬ್ಬೊಬ್ಬರ ಮೈಮೇಲೂ ಕನಿಷ್ಠ ಮೂರು ದೀಪ ಇರಬೇಕು. ಒಂದು ಮುಖ್ಯ ದೀಪ, ಎರಡು ಬ್ಯಾಕಪ್. ಯಾವುದಾದರೂ ಒಂದು ಕೆಟ್ಟರೆ ಡೈವ್ ಅಲ್ಲಿಗೇ ಮುಗಿಯಿತು, ತಿರುಗಿ ಹೊರಡಬೇಕು. ಇನ್ನೂ ಎರಡು ಇವೆಯಲ್ಲ ಎಂದು ಮುಂದೆ ಹೋಗುವಂತಿಲ್ಲ.

ನಾವು ಆಯ್ದುಕೊಳ್ಳುತ್ತಿರುವುದು ಆ ಮೂರರಲ್ಲಿ ಒಂದನ್ನು. ಅದು ಒಂದಲ್ಲ ಒಂದು ದಿನ ಆರುತ್ತದೆ ಎಂದುಕೊಂಡೇ ಆಯ್ದುಕೊಳ್ಳಬೇಕು. ಈ ಮಾತು ತಲೆಗೆ ಹೋದ ದಿನವೇ ನನ್ನ ಕೋಷ್ಟಕ ತಲೆಕೆಳಗಾದದ್ದು.

ಬ್ಯಾಟರಿಯ ಲೆಕ್ಕ

ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವಾಟ್-ಅವರ್. ಡಬ್ಬಿಯಲ್ಲಿ ಹಾಕುವ 18650 ಅಳತೆಯ ಲಿಥಿಯಂ ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.6, ಒಳ್ಳೆಯ ಸೆಲ್ಲಿನ ಸಾಮರ್ಥ್ಯ ಸುಮಾರು 3.4 ಆಂಪಿಯರ್-ಅವರ್. ಅಂದರೆ ಒಂದು ಸೆಲ್ಲಿಗೆ ಹತ್ತಿರಹತ್ತಿರ 12 ವಾಟ್-ಅವರ್. ಆರು ಸೆಲ್ ಇರುವ ಡಬ್ಬಿಯಲ್ಲಿ ಸುಮಾರು 73, ಒಂಬತ್ತು ಸೆಲ್ ಇದ್ದರೆ 110.

ಈಗ ಒಂದು ಡೈವ್ ತೆಗೆದುಕೊಳ್ಳೋಣ. ಮೇಲೆ ಬರುವಾಗ ಒತ್ತಡಕ್ಕೆ ಹೊಂದಿಕೊಳ್ಳಲು ಮಾಡುವ ನಿಲುಗಡೆಗಳೂ ಸೇರಿ 120 ನಿಮಿಷ. ಮುಖ್ಯ ದೀಪ ಇದರ ಒಂದೂವರೆ ಪಟ್ಟು, ಅಂದರೆ ಮೂರು ಗಂಟೆ ಉರಿಯಬೇಕು ಎಂದಿಟ್ಟುಕೊಳ್ಳಿ. ದೀಪ ಬ್ಯಾಟರಿಯಿಂದ ಎಳೆಯುವುದು 15 ವಾಟ್. ಮೂರು ಗಂಟೆಗೆ 45 ವಾಟ್-ಅವರ್ ಬೇಕು. ಇಲ್ಲಿಗೆ ನಿಲ್ಲಿಸಿದರೆ ಲೆಕ್ಕ ತಪ್ಪಾಗುತ್ತದೆ. ಲಿಥಿಯಂ ಬ್ಯಾಟರಿ ಹಳತಾದಂತೆ ಸಾಮರ್ಥ್ಯ ಇಳಿಯುತ್ತದೆ, ಶೇಕಡಾ 80ಕ್ಕೆ ಬರುವ ದಿನವನ್ನೂ ನೋಡಿಕೊಳ್ಳಬೇಕು. 45ನ್ನು 0.8ರಿಂದ ಭಾಗಿಸಿದರೆ 56. ತಣ್ಣನೆಯ ನೀರಿನಲ್ಲಿ ಇನ್ನೂ ಸ್ವಲ್ಪ ಕಳೆದುಕೊಳ್ಳುತ್ತದೆ. ಸುಮಾರು 65 ಎಂದಿಟ್ಟುಕೊಂಡರೆ ಆರು ಸೆಲ್ಲಿನ ಡಬ್ಬಿ ಸಾಕು.

ಒಂಬತ್ತು ಸೆಲ್ಲಿನದ್ದೇ ತೆಗೆದುಕೊಂಡರೆ ಇನ್ನೂ ನೆಮ್ಮದಿ ಅಲ್ವಾ? ನೀರಿನಲ್ಲಿ ಹೌದು, ವಿಮಾನದಲ್ಲಿ ಅಲ್ಲ. 100 ವಾಟ್-ಅವರ್ ಒಳಗಿನ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. 100ರಿಂದ 160ರ ನಡುವೆ ಇದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಕೆಳಗೆ ಹೋಗುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಡೈವಿಂಗ್ ಟಾರ್ಚ್ ಅಕಸ್ಮಾತ್ ಹೊತ್ತಿಕೊಂಡು ಬಿಸಿಯಾಗಬಹುದು ಎಂಬ ಭಯವೂ ಇದೆ. ಹಾಗಾಗಿ ಬ್ಯಾಟರಿಯನ್ನು ದೀಪದಿಂದ ಬೇರೆ ಮಾಡಿಯೇ ಒಯ್ಯಬೇಕು. ಸುಲಭವಾಗಿ ಬೇರೆಯಾಗದ ಡಬ್ಬಿ ಪ್ರಯಾಣಕ್ಕೆ ತಲೆನೋವು.

ಆರುವುದು ಹೇಗೆ?

ಮಾರುವವರು ಹೇಳುವ ಬರ್ನ್ ಟೈಮ್ (ದೀಪ ಉರಿಯುವ ಹೊತ್ತು) ಬೆಳಕು ಯಾವ ಮಟ್ಟಕ್ಕೆ ಇಳಿಯುವವರೆಗಿನದು ಎಂದು ಕೇಳಿ. ಟಾರ್ಚ್‌ಗಳಿಗೆ ಎಫ್‌ಎಲ್ 1 ಎಂಬ ಮಾನದಂಡ ಇದೆ. ಅದರ ಪ್ರಕಾರ ಆರಂಭದ ಬೆಳಕಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಹೊತ್ತೆಲ್ಲ ಲೆಕ್ಕಕ್ಕೆ ಬರುತ್ತದೆ. ಗುಹೆಯಲ್ಲಿ ಆ ಶೇಕಡಾ 10ರ ಬೆಳಕನ್ನು ಮುಖ್ಯ ದೀಪ ಅನ್ನಲಾಗುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಕೆಲವು ದೀಪಗಳಲ್ಲಿ ಬೆಳಕನ್ನು ಒಂದೇ ಸಮ ಇಡುವ ಸರ್ಕ್ಯೂಟ್ ಇರುತ್ತದೆ. ಕೊನೆಯವರೆಗೂ ಜೋರಾಗಿ ಉರಿದು ಇದ್ದಕ್ಕಿದ್ದಂತೆ ಆರಿಬಿಡುತ್ತವೆ. ಆ ಸರ್ಕ್ಯೂಟ್ ಇಲ್ಲದವು ಎಣ್ಣೆ ಮುಗಿಯುತ್ತಿರುವ ಹಣತೆಯ ಹಾಗೆ ನಿಧಾನವಾಗಿ ಮಂಕಾಗುತ್ತವೆ. ಮುಖ್ಯ ದೀಪಕ್ಕೆ ಒಂದೇ ಸಮನಾದ ಬೆಳಕು ಚೆನ್ನ, ಆದರೆ ಆರುವ ಮೊದಲು ಎಚ್ಚರಿಕೆ ಕೊಡುವ ವ್ಯವಸ್ಥೆ ಇರಬೇಕು. ಬ್ಯಾಕಪ್‌ಗೆ ಮಾತ್ರ ಮೆಲ್ಲಗೆ ಮಂಕಾಗುವುದೇ ನನಗೆ ಇಷ್ಟ. ಅದು ಮಂಕಾಗುವಾಗ ಹೊರಡುವ ಸಮಯವಾಯಿತು ಎಂದು ತಾನೇ ಹೇಳುತ್ತದೆ.

ಬರ್ನ್ ಟೈಮನ್ನು ಮನೆಯಲ್ಲೇ ಪರೀಕ್ಷಿಸಬಹುದು. ದೀಪವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಹೊತ್ತಿಸಿ, ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆಯಿರಿ. ನೀರಿಲ್ಲದೆ ಮಾಡಬೇಡಿ. ಗಾಳಿಯಲ್ಲಿ ಎಲ್‌ಇಡಿ ಬಿಸಿಯಾಗಿ ತಾನೇ ಬೆಳಕು ಇಳಿಸಿಕೊಳ್ಳಬಹುದು. ಆಗ ಸಿಗುವ ಅಂಕಿ ಸುಳ್ಳು. ಆರು ತಿಂಗಳ ನಂತರ ಮತ್ತೆ ಇದೇ ಪರೀಕ್ಷೆ ಮಾಡಿದರೆ ಬ್ಯಾಟರಿ ಎಷ್ಟು ಮುದಿಯಾಗಿದೆ ಎಂದೂ ಗೊತ್ತಾಗುತ್ತದೆ.

ಬೆಳಕಿನಲ್ಲಿ ಮಾತು

ನೀರೊಳಗೆ ಮಾತಿಲ್ಲ, ಕತ್ತಲಲ್ಲಿ ಕೈಸನ್ನೆಯೂ ಕಾಣುವುದಿಲ್ಲ. ಟಾರ್ಚಿನ ಬೆಳಕೇ ದನಿ. ಗೋಡೆಯ ಮೇಲೆ ನಿಧಾನವಾಗಿ ಒಂದು ವೃತ್ತ ಬರೆದರೆ ‘ಸರಿ ಇದ್ದೇನೆ’ ಎಂದರ್ಥ. ಅಕ್ಕಪಕ್ಕಕ್ಕೆ ನಿಧಾನವಾಗಿ ಆಡಿಸಿದರೆ ‘ಇತ್ತ ನೋಡು’. ಜೋರಾಗಿ ಆಡಿಸಿದರೆ ತುರ್ತು, ತಕ್ಷಣ ಬಾ. ಮುಂದೆ ಹೋಗುವವರು ಹಿಂದೆ ತಿರುಗಿ ನೋಡಬೇಕಾಗಿಲ್ಲ. ಹಿಂದಿನವರ ಬೆಳಕಿನ ಚುಕ್ಕಿ ತಮ್ಮ ಮುಂದಿನ ಗೋಡೆಯ ಮೇಲೆ ಸಮಾಧಾನವಾಗಿ ಇದ್ದರೆ ಎಲ್ಲ ಸರಿ ಇದೆ ಎಂದೇ ಲೆಕ್ಕ.

ಇದಕ್ಕೆ ಅಂಚು ಸ್ಪಷ್ಟವಾಗಿರುವ ಕಿರಿದಾದ ಕಿರಣ ಬೇಕು. ಲ್ಯೂಮೆನ್ ನಮ್ಮನ್ನು ಯಾಮಾರಿಸುವುದು ಇಲ್ಲೇ. ಲ್ಯೂಮೆನ್ ಅಂದರೆ ಹೊರಬರುವ ಒಟ್ಟು ಬೆಳಕು. ಅದು ಒಂದು ಕಡೆ ಎಷ್ಟು ತೀವ್ರವಾಗಿ ಬೀಳುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ. 1000 ಲ್ಯೂಮೆನ್ನನ್ನು 10 ಡಿಗ್ರಿಯ ಕಿರಣದಲ್ಲಿ ಸಮನಾಗಿ ಹರಡಿದರೆ ಸುಮಾರು 42,000 ಕ್ಯಾಂಡೆಲಾ. ಅದೇ ಬೆಳಕು 20 ಡಿಗ್ರಿಗೆ ಹರಡಿದರೆ ಸುಮಾರು 10,500. ಕೋನ ಎರಡು ಪಟ್ಟು ಆಯಿತು, ತೀವ್ರತೆ ಕಾಲು ಭಾಗಕ್ಕೆ ಇಳಿಯಿತು! ಅಗಲ ಕಿರಣದ 3000 ಲ್ಯೂಮೆನ್ ವಿಡಿಯೋಗೆ ಚೆನ್ನ. ಆದರೆ ಹೂಳು ಎದ್ದಾಗ ಆ ಬೆಳಕೆಲ್ಲ ಕಣಗಳಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಮಂಜಿನಲ್ಲಿ ಗಾಡಿಯ ಹೈಬೀಮ್ ಹಾಕಿದ ಹಾಗೆ.

ಕೋನದ ಅಂಕಿ ಗಾಳಿಯಲ್ಲಿ ಅಳೆದದ್ದೋ ನೀರಿನಲ್ಲಿ ಅಳೆದದ್ದೋ ನೋಡಿ. ಚಪ್ಪಟೆ ಗಾಜಿನ ದೀಪದ ಕಿರಣ ನೀರಿನಲ್ಲಿ ಇನ್ನೂ ಕಿರಿದಾಗುತ್ತದೆ. ಗಾಳಿಯಲ್ಲಿ 8 ಡಿಗ್ರಿ ಇದ್ದದ್ದು ನೀರಿನಲ್ಲಿ ಸುಮಾರು 6. ಗುಹೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಮೆಕ್ಸಿಕೊದ ಯುಕಟಾನ್ ಗುಹೆಗಳಲ್ಲಿ ಬಿಳಿ ಸುಣ್ಣಕಲ್ಲು ಬೆಳಕನ್ನು ವಾಪಸ್ ಕೊಡುತ್ತದೆ. ಫ್ಲಾರಿಡಾದ ಹಲವು ಗುಹೆಗಳಲ್ಲಿ ಕಪ್ಪು ಗೋಡೆ ಬೆಳಕನ್ನು ನುಂಗುತ್ತದೆ. ಬೆಳಕು ಹೆಚ್ಚುಕಡಿಮೆ ಮಾಡುವ ಸ್ವಿಚ್ ಇದ್ದರೆ ಎರಡೂ ಕಡೆ ಅನುಕೂಲ.

ಕೇಬಲ್, ಹ್ಯಾಂಡಲ್, ಮುಚ್ಚಳ

ಡಬ್ಬಿ ಬಲ ಸೊಂಟದಲ್ಲಿ, ದೀಪ ಎಡಗೈ ಮೇಲೆ. ಎರಡು ಸಿಲಿಂಡರ್ ಬೆನ್ನಿಗೆ ಹಾಕುವವರ ಸಾಮಾನ್ಯ ಕ್ರಮ ಇದು. ಬಲಗೈ ಗಾಳಿ ಹಂಚಿಕೊಳ್ಳಲು ಖಾಲಿ ಇರಬೇಕು. ಇನ್ನೊಬ್ಬರಿಗೆ ಗಾಳಿ ಕೊಡುವ ಸುಮಾರು 2.1 ಮೀಟರ್ ಉದ್ದದ ಹೋಸನ್ನು ಡಬ್ಬಿಯ ಕೆಳಗೆ ಸಿಕ್ಕಿಸಿಕೊಳ್ಳುತ್ತಾರೆ. ದೀಪದ ಕೇಬಲ್ ಆ ಹೋಸಿನ ಮೇಲೆ ಹಾದು ಅದನ್ನು ಹಿಡಿದುಹಾಕಿದರೆ ಗಾಳಿ ಕೊಡಬೇಕಾದ ಹೊತ್ತಿಗೆ ಹೋಸ್ ಹೊರಗೆ ಬರುವುದಿಲ್ಲ. ಕೇಬಲ್ ಕೈ ಪೂರ್ತಿ ಚಾಚುವಷ್ಟು ಉದ್ದ ಇದ್ದರೆ ಸಾಕು. ಇನ್ನೂ ಉದ್ದವಾದರೆ ಜೋಲಾಡಿ ಗೈಡ್‌ಲೈನಿಗೆ ಸಿಕ್ಕಿಕೊಳ್ಳುತ್ತದೆ. ಸೈಡ್‌ಮೌಂಟ್ ಮಾಡುವವರು, ಅಂದರೆ ಸಿಲಿಂಡರನ್ನು ಮೈಯ ಪಕ್ಕಕ್ಕೆ ಕಟ್ಟಿಕೊಳ್ಳುವವರು, ಡಬ್ಬಿಯನ್ನು ಹಿಂಭಾಗಕ್ಕೆ ಹಾಕುವುದುಂಟು. ಅವರ ಕೇಬಲ್ ಅಳತೆ ಬೇರೆ.

ಅಂಗೈ ಹಿಂಭಾಗದಲ್ಲಿ ದೀಪ ಕೂರಿಸುವ ಹಿಡಿಗೆ ಗುಡ್‌ಮನ್ ಹ್ಯಾಂಡಲ್ ಎನ್ನುತ್ತಾರೆ. ಬೆರಳು ಖಾಲಿ ಉಳಿಯುವುದರಿಂದ ಅದೇ ಕೈಯಲ್ಲಿ ಗೈಡ್‌ಲೈನ್ ಸುತ್ತಿದ ರೀಲ್ ಹಿಡಿಯಬಹುದು. ದಪ್ಪ ಗ್ಲೌಸ್ ಹಾಕಿಕೊಂಡೇ ಅಳತೆ ನೋಡಿ, ಬರಿಗೈಯಲ್ಲಿ ಹಿಡಿಸುವ ಹ್ಯಾಂಡಲ್ ಗ್ಲೌಸಿಗೆ ಹಿಡಿಸುವುದಿಲ್ಲ.

ನೀರು ಒಳಗೆ ನುಗ್ಗಲು ನಾಲ್ಕು ದಾರಿ: ಮುಚ್ಚಳದ ಒ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ), ಸ್ವಿಚ್, ಕೇಬಲ್ ಒಳಹೋಗುವ ಬಾಯಿ, ದೀಪದ ಗಾಜಿನ ಅಂಚು. ಮುಚ್ಚಳಕ್ಕೆ ಎರಡು ಒ-ರಿಂಗ್ ಇರುವುದನ್ನೇ ನೋಡಿ. ಒಂದು ಕೂದಲು ಅಡ್ಡ ಬಿದ್ದರೂ ಸೋರುತ್ತದೆ, 60 ಮೀಟರ್ ಆಳದಲ್ಲಿ ಒತ್ತಡ 7 ಬಾರ್. ರಬ್ಬರ್ ಟೊಪ್ಪಿಯ ಟಾಗಲ್ ಸ್ವಿಚ್ಚಿಗಿಂತ ಡಬ್ಬಿಗೆ ತೂತೇ ಬೇಡದ ಅಯಸ್ಕಾಂತದ ಸ್ವಿಚ್ ಮೇಲು. ಉಪ್ಪುನೀರು ಹೊಕ್ಕ ಲಿಥಿಯಂ ಬ್ಯಾಟರಿಯನ್ನು ಒಣಗಿಸಿ ಮತ್ತೆ ಬಳಸುವ ಆಸೆ ಬೇಡ. ಹಳೆಯ ಲೆಡ್-ಆಸಿಡ್ ಅಥವಾ ನಿಕಲ್ ಬ್ಯಾಟರಿಯ ಡಬ್ಬಿ ಯಾರಾದರೂ ಕೊಟ್ಟರೆ ಚಾರ್ಜ್ ಮಾಡುವಾಗ ಮುಚ್ಚಳ ತೆಗೆದಿಡಿ. ಒಳಗೆ ಹೈಡ್ರೊಜನ್ ತುಂಬಿಕೊಂಡರೆ ಡಬ್ಬಿ ಸಿಡಿಯಬಹುದು.

ಕೊಳ್ಳುವ ಮೊದಲು ಕಣ್ಣು ಮುಚ್ಚಿ

ಸಾಧ್ಯವಾದರೆ ಸಹಪಾಠಿಯ ಟಾರ್ಚ್ ಕೇಳಿ ಪಡೆದು, ಪೂರ್ತಿ ಸಾಮಾನು ಹಾಕಿಕೊಂಡು ಒಣ ನೆಲದಲ್ಲೇ ಅಭ್ಯಾಸ ಮಾಡಿ. ದೀಪ ಆರಿತು ಎಂದುಕೊಂಡು ಕಣ್ಣು ಮುಚ್ಚಿ. ಮೊದಲು ಬ್ಯಾಕಪ್ ಹುಡುಕಿ ಹೊತ್ತಿಸಬೇಕು, ಆಮೇಲೆ ಸತ್ತ ದೀಪವನ್ನು ಅದರ ಕ್ಲಿಪ್‌ನಿಂದ ಪಟ್ಟಿಗೆ ಸಿಕ್ಕಿಸಬೇಕು. ನಾನು ಮೊದಲ ಸಲ ಇದನ್ನು ಉಲ್ಟಾ ಮಾಡಿದೆ. ಕ್ಲಿಪ್ ಹುಡುಕುತ್ತಾ ಕೂತೆ, ಬ್ಯಾಕಪ್ ಎದೆಪಟ್ಟಿಯ ರಬ್ಬರ್ ಬ್ಯಾಂಡಿನಲ್ಲಿ ಹಾಗೇ ಇತ್ತು. ಆ ಟಾರ್ಚಿನ ಕ್ಲಿಪ್ ತೀರಾ ಸಣ್ಣದಾಗಿದ್ದು ಗ್ಲೌಸಿಗೆ ಸಿಗುತ್ತಲೇ ಇರಲಿಲ್ಲ. ನನ್ನ ಕೋಷ್ಟಕದಲ್ಲಿ ಈಗ ಕ್ಲಿಪ್ಪಿಗೂ ಒಂದು ಕಾಲಂ ಇದೆ, ಲ್ಯೂಮೆನ್‌ಗಿಂತ ಮುಂದೆ.